ಮರುಭೂಮಿಯ ನಡುವಣ ಕಡಲು

ಕೋಡಿಯಿಲ್ಲದ ಕೆರೆಯನ್ನು ಕಟ್ಟಿದವನನ್ನು ನಮ್ಮ ನಾಡಿನಲ್ಲಿ ಯಾರೂ ಬುದ್ಧಿವಂತನೆಂದು ಕರೆಯುವುದಿಲ್ಲ. ಕೆರೆಗೆ ನೀರು ಬರುವ ದಾರಿಯಿರಬೇಕು. ಬಂದ ನೀರನ್ನು ಗದ್ದೆಗೆ ಬಿಡುವ ತೂಬಿರಬೇಕು. ಹೆಚ್ಚಾದುದು ಹರಿದುಹೋಗುವುದಕ್ಕೆ ಕೋಡಿಯಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆ ಕೆರೆಯನ್ನು ನಂಬಿದ ಊರಿಗೆ ನೆಮ್ಮದಿಯಿಲ್ಲ. ಇಂದು ನಾನು ಹೇಳಹೊರಟಿರುವುದು ಅಂಥದೊಂದು ಜಲರಾಶಿಯ ವೃತ್ತಾಂತವನ್ನು. ಅದಕ್ಕೆ ತೂಬಿಲ್ಲ, ಕೋಡಿಯಿಲ್ಲ. ನೀರು ಒಳಗೆ ಬರುವುದುಂಟು. ಹೊರಗೆ ಹೋಗುವುದೇನಿದ್ದರೂ ಬಿಸಿಲಿಗೆ ಆವಿಯಾಗಿ, ಆಕಾಶಮಾರ್ಗವಾಗಿ ಮಾತ್ರ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಯಲ್ಲಿ, ಮೆಕ್ಸಿಕೋ ದೇಶದ ಗಡಿಗೆ ಸಮೀಪವಾಗಿ ಇರುವ ಆ ಜಲರಾಶಿಗೆ ಸಾಲ್ಟನ್ ಸಮುದ್ರವೆಂದು ಹೆಸರು.

ಸಮುದ್ರವೆಂದು ಕರೆದರೂ ಅದು ಯಾವ ಸಾಗರಕ್ಕೂ ಸೇರಿದುದಲ್ಲ. ಉದ್ದ ಸುಮಾರು ೩೫ ಮೈಲಿ, ಅಗಲವಾದ ಕಡೆ ಸುಮಾರು ೧೫ ಮೈಲಿ. ಈಚೆಗೆ ಅದೂ ಕುಗ್ಗುತ್ತಿದೆ. ಅದರ ನೀರಿನ ಮೇಲ್ಮಟ್ಟವು ಪೆಸಿಫಿಕ್ ಸಾಗರದ ಮಟ್ಟಕ್ಕಿಂತ ಸುಮಾರು ೨೪೦ ಅಡಿ ಕೆಳಗಿದೆ. ಸುತ್ತಲೂ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ ಮೂರು ಅಂಗುಲವನ್ನು ಮುಟ್ಟುವುದೇ ಅಪರೂಪ. ಆದರೆ ಬಿಸಿಲು ಹೀರುವ ನೀರು ವರ್ಷಕ್ಕೆ ಆರು ಅಡಿಯ ಹತ್ತಿರ. ಬೇಸಗೆಯಲ್ಲಿ ಉಷ್ಣಮಾಪಕವು ೧೧೦ ಡಿಗ್ರಿ ಫಾರೆನ್‌ಹೀಟನ್ನು ದಾಟುವುದು ಅಲ್ಲಿ ದಿನದಿನದ ಮಾತು. ಇಂಥ ಸ್ಥಳದಲ್ಲಿ ಒಂದು ಕಡಲು ಏಕೆ ಇರಬೇಕು? ಬಲ್ಲವರು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಉತ್ತರವನ್ನು ಮುಗಿಸಿಬಿಡುತ್ತಾರೆ: ೧೯೦೫ರಲ್ಲಿ ಕಾಲುವೆ ತೋಡುವವರು ಮಾಡಿದ ಒಂದು ತಪ್ಪಿನಿಂದ ಅದು ಹುಟ್ಟಿತು, ಎಂದು. ಈ ಮಾತು ಸುಳ್ಳಲ್ಲ. ಆದರೆ ಅರ್ಧ ಕಥೆ. ಉಳಿದರ್ಧವು ಭೂಗರ್ಭದಲ್ಲಿಯೂ, ಆ ನೆಲದಲ್ಲಿ ಬಾಳಿದ ಜನರ ನೆನಪಿನಲ್ಲಿಯೂ ಅಡಗಿದೆ.

ಮೊದಲು ನೆಲದ ವಿಚಾರವನ್ನು ನೋಡೋಣ. ಭೂಮಿಯ ಮೇಲ್ಪದರವು ಒಂದೇ ಹಾಸುಗಲ್ಲಲ್ಲ, ಅನೇಕ ಮಹಾಫಲಕಗಳಾಗಿ ಒಡೆದಿದೆ, ಆ ಫಲಕಗಳು ಬಹು ಮೆಲ್ಲಗೆ ಚಲಿಸುತ್ತಿವೆ ಎಂಬುದನ್ನು ಇಂದಿನ ವಿಜ್ಞಾನಿಗಳು ನಿಶ್ಚಯಿಸಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕ್ ಫಲಕವೂ ಉತ್ತರ ಅಮೆರಿಕಾ ಫಲಕವೂ ಒಂದನ್ನೊಂದು ಉಜ್ಜಿಕೊಂಡು, ವರ್ಷಕ್ಕೆ ಸುಮಾರು ಎರಡು ಅಂಗುಲದಷ್ಟು ಸರಿಯುತ್ತವೆ. ಹೀಗೆ ಉಜ್ಜುವ ಸ್ಥಳದ ಮಹಾಬಿರುಕೇ ಹೆಸರುವಾಸಿಯಾದ ಸಾನ್ ಆಂಡ್ರಿಯಾಸ್ ಸ್ತರಭಂಗ. ಅದರ ದಕ್ಷಿಣದ ತುದಿಯು ಸಾಲ್ಟನ್ ಸಮುದ್ರದ ಪೂರ್ವತೀರದ ಒಂದು ಸಣ್ಣ ಹಳ್ಳಿಯ ಬಳಿ ಮುಗಿಯುತ್ತದೆ. ಆ ಹಳ್ಳಿಯ ಹೆಸರು ಬಾಂಬೆ ಬೀಚ್ ಎಂದು ಕೇಳಿದರೆ ನಮ್ಮವರಿಗೆ ಸೋಜಿಗವಾಗಬಹುದು.

ಅಲ್ಲಿಂದ ದಕ್ಷಿಣಕ್ಕೆ ನೆಲದ ನಡತೆಯೇ ಬೇರೆಯಾಗುತ್ತದೆ. ಫಲಕಗಳು ಉಜ್ಜುವುದರ ಜೊತೆಗೆ ಒಂದರಿಂದೊಂದು ದೂರವೂ ಸರಿಯುತ್ತವೆ. ಹಳೆಯ ಬಟ್ಟೆಯನ್ನು ಎರಡು ಕಡೆಯಿಂದ ಎಳೆದರೆ ನಡುವೆ ಹೇಗೆ ತೆಳುವಾಗಿ ಜಗ್ಗುವುದೋ ಹಾಗೆ ಅಲ್ಲಿನ ಭೂಮಿಯು ತೆಳುವಾಗಿ ತಗ್ಗಿದೆ. ಹೀಗೆ ಸರಿಯುವುದರಿಂದಲೇ ಕೆಲವು ದಶಲಕ್ಷ ವರ್ಷಗಳ ಹಿಂದೆ ಬಾಹಾ ಕ್ಯಾಲಿಫೋರ್ನಿಯಾ ಎಂಬ ನೀಳವಾದ ಪರ್ಯಾಯದ್ವೀಪವು ಮೆಕ್ಸಿಕೋದ ಒಡಲಿನಿಂದ ಸೀಳಿಕೊಂಡು ಬಂದು, ನಡುವೆ ಕ್ಯಾಲಿಫೋರ್ನಿಯಾ ಖಾರಿಯ ನೀರು ನುಗ್ಗಿತು. ಸಾಲ್ಟನ್ ತಗ್ಗು ಆ ಖಾರಿಯ ಉತ್ತರದ ತುದಿಯೇ. ಕಡಲಿನಿಂದ ಬಹುದೂರದಲ್ಲಿ, ಮರುಭೂಮಿಯ ಬೆಟ್ಟಗಳ ಮೇಲೆ, ಸಿಂಪಿಯ ಚಿಪ್ಪುಗಳು ಬಂಡೆಗಳಲ್ಲಿ ಹುದುಗಿರುವುದನ್ನು ಇಂದಿಗೂ ನೋಡಬಹುದು.

ಹಾಗಾದರೆ ಸಾಗರವು ಈಗ ಅಲ್ಲಿ ಏಕಿಲ್ಲ? ಅದನ್ನು ತಡೆದು ನಿಲ್ಲಿಸಿದ್ದು ಒಂದು ನದಿ. ಕೊಲರಾಡೊ ನದಿಯು ಪರ್ವತಗಳಿಂದ ಇಳಿದು, ಮಹಾ ಕಂದರಗಳನ್ನು ಕೊರೆದು, ಆ ಕೊರೆದ ಮಣ್ಣನ್ನೆಲ್ಲ ಹೊತ್ತು ತಂದು ಖಾರಿಗೆ ಅಡ್ಡಲಾಗಿ ಸುರಿಯಿತು. ಲಕ್ಷಾಂತರ ವರ್ಷಗಳಲ್ಲಿ ಆ ಮೆಕ್ಕಲು ಏರಿಯಾಯಿತು. ಏರಿಯ ದಕ್ಷಿಣಕ್ಕೆ ಸಾಗರ, ಉತ್ತರಕ್ಕೆ ಸಮುದ್ರಮಟ್ಟಕ್ಕಿಂತ ತಗ್ಗಾದ ಬರಿಯ ಹಳ್ಳ. ಹಳ್ಳದ ಕೆಳಗಿರುವ ಮೆಕ್ಕಲಿನ ದಪ್ಪ ಮೂರು ಮೈಲಿಗಿಂತ ಹೆಚ್ಚು. ಹೀಗೆ ಒಂದು ಕಡೆ ಭೂಮಿ ತಗ್ಗುತ್ತಿದ್ದರೆ ಇನ್ನೊಂದು ಕಡೆ ನದಿ ತುಂಬುತ್ತಿತ್ತು.

ಏರಿಯನ್ನು ಕಟ್ಟಿದ ನದಿಯು ಆ ಏರಿಯ ಮೇಲೆಯೇ ಹರಿಯಬೇಕಾಯಿತು. ಹೂಳು ಹೊತ್ತ ನದಿಯು ತನ್ನ ಪಾತ್ರವನ್ನು ತಾನೇ ಎತ್ತರಿಸಿಕೊಂಡು, ಕೆಲವು ಕಾಲವಾದ ಮೇಲೆ ಪಕ್ಕಕ್ಕೆ ಹೊರಳುವುದು ಪ್ರಕೃತಿಧರ್ಮ. ದಕ್ಷಿಣಕ್ಕೆ ಹೊರಳಿದರೆ ಕೊಲರಾಡೊ ಖಾರಿಯನ್ನು ಸೇರುವುದು. ಉತ್ತರಕ್ಕೆ ಹೊರಳಿದರೆ ತಗ್ಗಿಗೆ ಇಳಿಯುವುದು. ಉತ್ತರಕ್ಕೆ ಹೊರಳಿದಾಗಲೆಲ್ಲ ತಗ್ಗು ಕೆಲವು ದಶಕಗಳಲ್ಲಿ ತುಂಬಿ, ನೂರು ಮೈಲಿಗೂ ಉದ್ದವಾದ, ಮುನ್ನೂರು ಅಡಿಗೂ ಆಳವಾದ ಸಿಹಿನೀರಿನ ಸರೋವರವಾಗುತ್ತಿತ್ತು. ನೀರು ಸಮುದ್ರಮಟ್ಟದ ಮೇಲೆ ಸುಮಾರು ನಲವತ್ತು ಅಡಿ ಏರಿದಾಗ, ನಾನು ಮೊದಲು ಹೇಳಿದ ಕೋಡಿಯೂ ಆ ಸರೋವರಕ್ಕೆ ಒದಗುತ್ತಿತ್ತು. ಹೆಚ್ಚಾದ ನೀರು ದಕ್ಷಿಣದ ಖಾರಿಗೆ ಬೀಳುತ್ತಿತ್ತು. ಮುಂದೊಮ್ಮೆ ನದಿಯು ದಕ್ಷಿಣಕ್ಕೆ ಹೊರಳಿದರೆ ನೀರಿನ ಬರವು ನಿಂತು, ವರ್ಷಕ್ಕೆ ಐದಾರು ಅಡಿಯಂತೆ ಐವತ್ತು ಅರುವತ್ತು ವರ್ಷಗಳಲ್ಲಿ ಸರೋವರ ಬತ್ತಿಹೋಗುತ್ತಿತ್ತು. ಕಳೆದ ಸಾವಿರ ವರ್ಷಗಳಲ್ಲಿ ಹೀಗೆ ಹಲವು ಬಾರಿ ತುಂಬಿ ಹಲವು ಬಾರಿ ಬತ್ತಿದೆ. ಕೊನೆಯ ಮಹಾಪೂರ ಹದಿನೆಂಟನೆಯ ಶತಮಾನದ ಮೊದಲ ಭಾಗದ್ದು. ಆ ಹಳೆಯ ದಡವು ಬೆಟ್ಟದ ಬಂಡೆಗಳ ಮೇಲೆ ಸುಣ್ಣದ ಬಿಳಿಯ ಪಟ್ಟೆಯಾಗಿ ಮೈಲಿಗಟ್ಟಲೆ ಕಾಣುತ್ತದೆ.

ಈ ಬರುವಿಕೆ ಹೋಗುವಿಕೆಗಳನ್ನು ಕಣ್ಣಾರೆ ಕಂಡ ಜನರಿದ್ದರು. ಉತ್ತರ ಮತ್ತು ಪಶ್ಚಿಮದ ಕಡೆ ಕಹುಯಿಲ್ಲಾ ಜನರು, ದಕ್ಷಿಣದಲ್ಲಿ ಕುಮಿಯಾಯ್ ಜನರು, ನದಿಯ ದಡದಲ್ಲಿ ಕ್ವೆಚಾನ್ ಮತ್ತು ಕೊಕೊಪಾ ಜನರು. ಅವರಿಗೆ ಲಿಪಿಯಿರಲಿಲ್ಲ, ಆದರೆ ನೆಲದ ಮೇಲೆ ಅವರು ಬಿಟ್ಟ ಲಿಖಿತವನ್ನು ಓದಬಹುದು. ಪಶ್ಚಿಮದ ಇಳಿಜಾರಿನಲ್ಲಿ ಕಲ್ಲುಗಳನ್ನು ಕುದುರೆಲಾಳದ ಆಕಾರದಲ್ಲಿ ಪೇರಿಸಿ ಮಾಡಿದ ಮೀನುಗೂಡುಗಳ ಸಾಲುಗಳಿವೆ. ಒಂದು ಸಾಲಿನ ಕೆಳಗೆ ಇನ್ನೊಂದು ಸಾಲು, ಅದರ ಕೆಳಗೆ ಮತ್ತೊಂದು. ಮೆಟ್ಟಿಲುಗಳಂತೆ ತಗ್ಗಿನ ಕಡೆಗೆ ಇಳಿದುಹೋಗಿವೆ. ಇದರ ಅರ್ಥ ಸ್ಪಷ್ಟ. ನೀರು ವರ್ಷವರ್ಷವೂ ಕೆಳಗಿಳಿದಂತೆ ಆ ಬೆಸ್ತರು ತಮ್ಮ ಕಲ್ಲುಗಳನ್ನು ಹೊಸ ದಡಕ್ಕೆ ಇಳಿಸಿಕೊಂಡು ಹೋದರು. ಕಡಲನ್ನು ಹಿಡಿದು ನಿಲ್ಲಿಸಲು ಅವರು ಹೋಗಲಿಲ್ಲ. ಅದು ಸರಿದತ್ತ ತಾವೂ ಸರಿದರು.

ಇದಕ್ಕೆ ಇನ್ನೊಂದು ನಿದರ್ಶನವೂ ಉಂಟು. ತಗ್ಗಿನ ದಕ್ಷಿಣಭಾಗದಲ್ಲಿ ಸಣ್ಣ ಜ್ವಾಲಾಮುಖಿಗಳ ಐದು ಗುಡ್ಡಗಳಿವೆ. ಒಂದರಲ್ಲಿ ಗಾಜಿನಂಥ ಕಪ್ಪು ಕಲ್ಲು ದೊರೆಯುತ್ತದೆ. ಬಾಣದ ಮೊನೆಗೂ ಚೂರಿಗೂ ಅದು ಬಹಳ ಬೇಕಾದ ವಸ್ತು. ಸರೋವರ ತುಂಬಿದಾಗ ಆ ಗುಡ್ಡ ಪೂರ್ತಿಯಾಗಿ ಮುಳುಗುತ್ತಿದ್ದುದರಿಂದ ನೀರಿನ ಕಾಲದಲ್ಲಿ ಕಲ್ಲಿಲ್ಲ. ಒಣಗಿದ ಕಾಲದಲ್ಲಿ ಮೀನಿಲ್ಲದಿದ್ದರೂ ಕಲ್ಲುಂಟು. ಎರಡು ಕಾಲಕ್ಕೂ ಆ ಜನರಿಗೆ ಬೇರೆ ಬೇರೆ ಬದುಕು ತಿಳಿದಿತ್ತು. ಸರೋವರ ಬತ್ತಿದ ಮೇಲೆ ಕಹುಯಿಲ್ಲಾ ಜನರು ಮರಳಿನಲ್ಲಿ ಮೆಟ್ಟಿಲುಳ್ಳ ಬಾವಿಗಳನ್ನು ತೋಡಿ, ಕೊಡ ಹಿಡಿದು ನೀರಿನವರೆಗೆ ನಡೆದು ಇಳಿಯುತ್ತಿದ್ದರು. ಮೆಸ್ಕಿಟ್ ಮರದ ಕಾಯಿಗಳನ್ನು ಕುಟ್ಟಿ ಹಿಟ್ಟು ಮಾಡಿ ಶೇಖರಿಸಿಡುತ್ತಿದ್ದರು. ನಮ್ಮ ಬಯಲುಸೀಮೆಯನ್ನು ಇಂದು ಮುತ್ತಿರುವ ಬಳ್ಳಾರಿ ಜಾಲಿಯು ಆ ಮರದ ಹತ್ತಿರದ ಬಳಗವೇ.

೧೮೫೩ರಲ್ಲಿ ರೈಲುದಾರಿಯ ಸರ್ವೆಗಾಗಿ ಅಮೆರಿಕಾ ಸರ್ಕಾರ ಕಳುಹಿಸಿದ ತಂಡದಲ್ಲಿ ವಿಲಿಯಂ ಫಿಪ್ಸ್ ಬ್ಲೇಕ್ ಎಂಬ ತರುಣ ಭೂವಿಜ್ಞಾನಿಯಿದ್ದನು. ಬಂಡೆಗಳ ಮೇಲಿನ ಬಿಳಿಯ ಪಟ್ಟೆಯನ್ನೂ ಮರಳಿನಲ್ಲಿ ಬಿದ್ದಿದ್ದ ಸಿಹಿನೀರಿನ ಶಂಖಗಳನ್ನೂ ಕಂಡು, ಇದು ಹಿಂದೆ ಸರೋವರವಾಗಿದ್ದಿರಬೇಕೆಂದು ಅವನು ಊಹಿಸಿದನು. ಅಲ್ಲಿನ ಕಹುಯಿಲ್ಲಾ ಜನರನ್ನು ವಿಚಾರಿಸಿದಾಗ ಅವರ ಉತ್ತರ ಸಿದ್ಧವಾಗಿತ್ತು. ಹಿಂದೆ ಇಲ್ಲಿ ಮಹಾಜಲವಿತ್ತು. ಮೀನೂ ಹಕ್ಕಿಯೂ ಹೇರಳವಾಗಿದ್ದುವು. ನೀರು ಸ್ವಲ್ಪಸ್ವಲ್ಪವಾಗಿ ಇಳಿಯಿತು. ಇಳಿದ ನೆಲದಲ್ಲಿ ಹಿರಿಯರು ಮನೆಮಾಡಿದ ಮೇಲೆ ಒಮ್ಮೆ ಅದು ಹಠಾತ್ತಾಗಿ ಹಿಂದಿರುಗಿ ಅನೇಕರನ್ನು ನುಂಗಿ, ಉಳಿದವರನ್ನು ಬೆಟ್ಟಕ್ಕೆ ಅಟ್ಟಿತು: ಇದು ಅವರು ಹೇಳಿದುದರ ಸಾರ. ಬ್ಲೇಕನು ಇದನ್ನು ಗೌರವದಿಂದ ಬರೆದುಕೊಂಡು, ಪುರಾತನ ಸರೋವರಕ್ಕೆ ಅವರ ಹೆಸರನ್ನೇ ಇಟ್ಟನು. ಈ ತಗ್ಗಿಗೆ ನದಿಯ ನೀರನ್ನು ತಂದರೆ ಬೇಸಾಯ ನಡೆಯಬಹುದೆಂದು ಅವನೇ ಸೂಚಿಸಿದನು. ಮುಂದೆ ಬಂದವರು ಅವನ ಸೂಚನೆಯನ್ನು ಹಿಡಿದುಕೊಂಡರು. ಆ ಜನರ ಎಚ್ಚರಿಕೆಯನ್ನು ಮಾತ್ರ ಕಥೆಯೆಂದು ಬಿಟ್ಟುಬಿಟ್ಟರು.

ಆ ಮೇಲೆ ಕೆಲಸಗಳು ಬೇಗಬೇಗ ನಡೆದುವು. ೧೮೭೬ರಲ್ಲಿ ಸರ್ಕಾರವು ಕಹುಯಿಲ್ಲಾ ಜನರಿಗೆಂದು ಒಂದಿಷ್ಟು ಜಮೀನನ್ನು ಮೀಸಲಾಗಿಟ್ಟಿತು. ಟಾರೆಸ್-ಮಾರ್ಟಿನೆಜ್ ಮೀಸಲು ಪ್ರದೇಶವೆಂದು ಇಂದು ಅದಕ್ಕೆ ಹೆಸರು. ಅದೇ ವೇಳೆಗೆ ರೈಲುದಾರಿ ಬಂದಿತು. ದಾರಿಯ ಎರಡು ಪಕ್ಕಗಳಲ್ಲಿಯೂ ಚದುರಂಗದ ಮಣೆಯಂತೆ ಒಂದು ಮನೆ ಬಿಟ್ಟು ಒಂದು ಮನೆ ರೈಲ್ವೆ ಕಂಪೆನಿಯ ಸ್ವತ್ತಾಯಿತು. ತಗ್ಗಿನ ತಳದಲ್ಲಿ ಗಡ್ಡೆಗಟ್ಟಿದ್ದ ಉಪ್ಪನ್ನು ನೇಗಿಲಿನಿಂದ ಉತ್ತು ತೆಗೆಯುವ ಕಾರ್ಖಾನೆಯೊಂದು ೧೮೮೪ರಲ್ಲಿ ಪ್ರಾರಂಭವಾಯಿತು. ಕಣ್ಣು ಕೋರೈಸುವ ಆ ಬಿಳಿಯ ಬಯಲಿನಲ್ಲಿ ಕೂಲಿ ಮಾಡಿದವರಲ್ಲಿ ಕಹುಯಿಲ್ಲಾ ಜನರೂ ಇದ್ದರು. ೧೮೯೧ರಲ್ಲಿ ನದಿಯು ಉಕ್ಕಿ ತಗ್ಗಿನಲ್ಲಿ ಒಂದು ಕೆರೆಯಷ್ಟು ನೀರು ನಿಂತಿತು. ಅದು ಎರಡನೆಯ ಎಚ್ಚರಿಕೆ. ಅದನ್ನೂ ಯಾರೂ ಗಣಿಸಲಿಲ್ಲ.

೧೯೦೧ರಲ್ಲಿ ಕ್ಯಾಲಿಫೋರ್ನಿಯಾ ಡೆವಲಪ್‌ಮೆಂಟ್ ಕಂಪೆನಿಯವರು ಕೊಲರಾಡೊ ನದಿಯಿಂದ ಕಾಲುವೆಯನ್ನು ತಂದರು. ಚಾರ್ಲ್ಸ್ ರಾಕ್‌ವುಡ್ ಎಂಬಾತನು ಬಹುವರ್ಷ ಕನಸು ಕಂಡ ಯೋಜನೆಯನ್ನು ಜಾರ್ಜ್ ಚಾಫೀ ಎಂಬ ಎಂಜಿನಿಯರು ಕಾರ್ಯಕ್ಕೆ ತಂದನು. ಮರುಭೂಮಿಯೆಂದರೆ ಒಕ್ಕಲು ಬಾರದೆಂದು ಅದಕ್ಕೆ ಇಂಪೀರಿಯಲ್ ಕಣಿವೆ, ಎಂದರೆ ಸಾಮ್ರಾಜ್ಯದ ಕಣಿವೆ ಎಂದು ಹೊಸ ನಾಮಕರಣ ಮಾಡಿದರು. ಸಹಸ್ರಾರು ಜನರು ಬಂದು ನೆಲಸಿದರು. ನದಿಯು ತಂದ ಮಣ್ಣು ಬಂಗಾರದಂಥದು. ನೀರು ಬಿದ್ದರೆ ಬೆಳೆಯದ ಬೆಳೆಯಿಲ್ಲ. ಆದರೆ ಆ ಮಣ್ಣನ್ನು ಹಾಸಿದ ನದಿಯ ಹೂಳೇ ಕಾಲುವೆಗೆ ವೈರಿಯಾಯಿತು. ೧೯೦೪ರ ವೇಳೆಗೆ ಕಾಲುವೆಯ ಮೊದಲ ಕೆಲವು ಮೈಲಿಗಳು ಹೂಳು ತುಂಬಿ ಮುಚ್ಚಿಹೋದುವು. ಬೆಳೆಗಳು ಒಣಗುತ್ತಿದ್ದುವು, ರೈತರು ಕೂಗುತ್ತಿದ್ದರು. ಆಗ ಕಂಪೆನಿಯವರು ಗಡಿಯಾಚೆ ಮೆಕ್ಸಿಕೋದ ನೆಲದಲ್ಲಿ ನದಿಯ ದಂಡೆಯನ್ನು ಕಡಿದು ಹೊಸ ಬಾಯನ್ನು ತೆರೆದರು. ಅದಕ್ಕೆ ಭದ್ರವಾದ ತೂಬನ್ನು ಕಟ್ಟಲಿಲ್ಲ. ಬೇಸಗೆಯ ಪ್ರವಾಹಕ್ಕೆ ಮೊದಲು ಮುಚ್ಚಿಬಿಡಬಹುದೆಂಬುದು ಅವರ ಎಣಿಕೆ.

೧೯೦೫ರಲ್ಲಿ ಎಣಿಕೆಯನ್ನು ಮೀರಿ ಪ್ರವಾಹದ ಮೇಲೆ ಪ್ರವಾಹ ಬಂದಿತು. ಮೊದಲು ಸುಮಾರು ಅರುವತ್ತು ಅಡಿ ಅಗಲವಿದ್ದ ಬಾಯಿ ಕೊನೆಗೆ ಅರ್ಧ ಮೈಲಿಯಷ್ಟಾಯಿತು. ಕೊಲರಾಡೊ ನದಿಯ ಹೆಚ್ಚುಕಡಮೆ ಎಲ್ಲ ನೀರೂ ಸಾಗರವನ್ನು ಬಿಟ್ಟು ತಗ್ಗಿನ ಕಡೆಗೆ ತಿರುಗಿತು. ನೀರು ಮೆತ್ತನೆಯ ಮೆಕ್ಕಲನ್ನು ಕೊರೆಯುತ್ತ, ಜಲಪಾತಗಳಾಗಿ ಹಿಂದುಹಿಂದಕ್ಕೆ ಸರಿಯುತ್ತ ಬಂದು, ೧೯೦೬ರ ಬೇಸಗೆಯಲ್ಲಿ ಗಡಿಯ ಮೆಕ್ಸಿಕಾಲಿ ಪಟ್ಟಣದ ಬಹುಭಾಗವನ್ನು ಕೆಡವಿಕೊಂಡು ಹೋಯಿತು. ಉಪ್ಪಿನ ಕಾರ್ಖಾನೆ ಮುಳುಗಿತು. ರೈಲುಕಂಬಿಗಳನ್ನು ಮತ್ತೆ ಮತ್ತೆ ಎತ್ತರದ ನೆಲಕ್ಕೆ ಸರಿಸಬೇಕಾಯಿತು.

ದಂಡೆಯ ಒಡಕನ್ನು ಮುಚ್ಚುವ ಹೊರೆಯನ್ನು ಸದರ್ನ್ ಪೆಸಿಫಿಕ್ ರೈಲ್ವೆ ಕಂಪೆನಿಯು ಹೊತ್ತಿತು. ನೀರಿನ ಅಡ್ಡಕ್ಕೆ ಮರದ ಸೇತುವೆಗಳನ್ನು ಕಟ್ಟಿ, ರೈಲುಗಾಡಿಗಳಿಂದ ಹಗಲಿರುಳೂ ಬಂಡೆಗಳನ್ನು ಉರುಳಿಸಿದರು. ೧೯೦೬ರ ನವೆಂಬರಿನಲ್ಲಿ ಒಡಕು ಮುಚ್ಚಿತು. ಡಿಸೆಂಬರಿನಲ್ಲಿ ಪಕ್ಕದಲ್ಲಿಯೇ ಮತ್ತೊಂದು ಒಡಕು ಬಿದ್ದಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನಿಗೂ ರೈಲ್ವೆಯ ಒಡೆಯ ಹ್ಯಾರಿಮನ್ನನಿಗೂ ಖರ್ಚು ಯಾರದೆಂಬ ವಿಚಾರವಾಗಿ ತಂತಿಗಳು ಓಡಾಡಿದುವು. ಕೊನೆಗೆ ೧೯೦೭ನೆಯ ಫೆಬ್ರವರಿ ೧೦ರಂದು ನದಿಯು ತನ್ನ ಹಳೆಯ ದಾರಿಯನ್ನು ಹಿಡಿಯಿತು. ಈ ಕೆಲಸದಲ್ಲಿ ಬಂಡೆ ಹೊತ್ತವರು, ಮರ ಕಡಿದವರು, ನಿಂತ ನೀರಿನಲ್ಲಿ ದುಡಿದವರು ಬಹುಮಂದಿ ಆ ನಾಡಿನ ಮೂಲನಿವಾಸಿ ಕುಲಗಳವರೇ. ಇತಿಹಾಸದ ಪುಸ್ತಕಗಳಲ್ಲಿ ಎಂಜಿನಿಯರುಗಳ ಹೆಸರುಗಳುಂಟು, ಅವರ ಹೆಸರುಗಳಿಲ್ಲ.

ಆ ವೇಳೆಗೆ ತಗ್ಗಿನಲ್ಲಿ ಸುಮಾರು ಎಂಬತ್ತು ಅಡಿ ನೀರು ನಿಂತಿತ್ತು. ಅದರ ಅಡಿಯಲ್ಲಿ ಮುಳುಗಿದ ನೆಲ ಯಾರದು? ಕಾರ್ಖಾನೆಯದಿಷ್ಟು, ರೈಲ್ವೆಯದಿಷ್ಟು, ಅವರು ನ್ಯಾಯಾಲಯಕ್ಕೆ ಹೋಗಬಲ್ಲವರು. ಟಾರೆಸ್-ಮಾರ್ಟಿನೆಜ್ ಜನರ ಜಮೀನಿನಲ್ಲಿ ಅರ್ಧದ ಹತ್ತಿರ, ಸುಮಾರು ಹನ್ನೊಂದು ಸಾವಿರ ಎಕರೆ, ನೀರಿನ ಅಡಿಗೆ ಹೋಯಿತು. ಅವರ ಪರವಾಗಿ ಸರ್ಕಾರವು ಇಬ್ಬರು ನೀರಾವರಿ ಮಂಡಲಿಗಳ ಮೇಲೆ ದಾವೆ ಹೂಡಿದ್ದು ೧೯೮೨ರಲ್ಲಿ. ಪರಿಹಾರದ ಶಾಸನವನ್ನು ಅಮೆರಿಕಾ ಶಾಸನಸಭೆಯು ಅಂಗೀಕರಿಸಿದ್ದು ೨೦೦೦ದಲ್ಲಿ. ನೀರು ನಿಂತ ದಿನದಿಂದ ಎಣಿಸಿದರೆ ತೊಂಬತ್ತಮೂರು ವರ್ಷ. ಹೊಲ ಕಳೆದುಕೊಂಡವರಲ್ಲಿ ಆ ದಿನವನ್ನು ನೋಡಲು ಎಷ್ಟು ಮಂದಿ ಉಳಿದಿದ್ದಾರು ಎಂಬುದನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು.

ಒಡಕು ಮುಚ್ಚಿದ ಮೇಲೆ ನೀರು ಹಿಂದಿನಂತೆ ಆವಿಯಾಗಿ ತೀರಿಹೋಗುವುದೆಂದೇ ಎಲ್ಲರೂ ನಂಬಿದ್ದರು. ೧೯೨೦ರ ದಶಕದ ನಡುವಿನವರೆಗೆ ಅದು ಇಳಿಯುತ್ತಲೂ ಇತ್ತು. ಆದರೆ ಅಷ್ಟರಲ್ಲಿ ಕಣಿವೆಯ ಬೇಸಾಯ ಹಬ್ಬಿತು. ನೀರಾವರಿ ನೆಲದಲ್ಲಿ ಉಪ್ಪು ನಿಲ್ಲದಂತೆ ಮಾಡಬೇಕಾದರೆ ಬೆಳೆಗೆ ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿ, ಉಪ್ಪನ್ನು ತೊಳೆದು ಬಸಿಗಾಲುವೆಗೆ ಬಿಡಬೇಕು. ಆ ಬಸಿನೀರೆಲ್ಲ ತಗ್ಗಿಗೇ ಬಂದಿತು. ೧೯೨೪ರಲ್ಲಿಯೂ ೧೯೨೮ರಲ್ಲಿಯೂ ಅಧ್ಯಕ್ಷ ಕೂಲಿಜ್ ಹೊರಡಿಸಿದ ಆಜ್ಞೆಗಳಿಂದ ತಗ್ಗಿನ ಸರ್ಕಾರಿ ನೆಲವು ಬಸಿನೀರಿಗೆಂದೇ ಮೀಸಲಾಯಿತು. ಅಂದಿನಿಂದ ಸಾಲ್ಟನ್ ಸಮುದ್ರವು ಹೊಲಗಳ ಬಚ್ಚಲಿನ ನೀರಿನಿಂದ ಬದುಕುವ ಕಡಲಾಯಿತು. ವರ್ಷಕ್ಕೆ ಸುಮಾರು ನಲವತ್ತು ಲಕ್ಷ ಟನ್ನು ಉಪ್ಪು ಒಳಗೆ ಬಂದು ಅಲ್ಲಿಯೇ ಉಳಿಯುತ್ತದೆ; ಕೋಡಿಯಿಲ್ಲದ ಕೆರೆಯ ಗತಿ ಇದೇ. ಅದರ ನೀರು ಈಗ ಪೆಸಿಫಿಕ್ ಸಾಗರದ ನೀರಿಗಿಂತ ಬಹಳ ಹೆಚ್ಚು ಉಪ್ಪಾಗಿದೆ.

ಈ ಹೊಲಗಳಲ್ಲಿ ದುಡಿದವರ ವಿಚಾರವನ್ನು ಹೇಳದಿದ್ದರೆ ವೃತ್ತಾಂತವು ಪೂರ್ಣವಾಗದು. ಜಪಾನಿನವರು, ಫಿಲಿಪೀನಿನವರು, ಮೆಕ್ಸಿಕೋದವರು ಬಂದರು. ಅವರೊಡನೆ ನಮ್ಮ ಪಂಜಾಬಿನ ರೈತರೂ ಬಂದರು. ೧೯೧೦ರ ದಶಕದಲ್ಲಿ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬೆಳೆದವರಲ್ಲಿ ಸಿಖ್ಖರೂ ಮುಸಲ್ಮಾನರೂ ಹಿಂದೂಗಳೂ ಇದ್ದರು. ಅಲ್ಲಿನವರು ಎಲ್ಲರನ್ನೂ ಹಿಂದೂಗಳೆಂದೇ ಕರೆದರು. ೧೯೧೩ರ ಕ್ಯಾಲಿಫೋರ್ನಿಯಾ ಕಾನೂನಿನಂತೆ ಪೌರತ್ವಕ್ಕೆ ಅರ್ಹರಲ್ಲದವರು ಜಮೀನಿಗೆ ಒಡೆಯರಾಗುವಂತಿರಲಿಲ್ಲ. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ೧೯೨೩ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬುವರ ಮೊಕದ್ದಮೆಯಲ್ಲಿ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತಿತು. ಊರಿನಿಂದ ಹೆಂಡಿರನ್ನು ಕರೆತರುವುದಕ್ಕೂ ದಾರಿಯಿರಲಿಲ್ಲ. ಆದುದರಿಂದ ಅನೇಕರು ಜೊತೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಹೀಗೆ ನೂರಾರು ಸಂಸಾರಗಳಾದುವು. ಜಮೀನನ್ನು ನಂಬಿಕೆಯ ನೆರೆಯವರ ಹೆಸರಿನಲ್ಲಿ, ಮುಂದೆ ಅಲ್ಲಿಯೇ ಹುಟ್ಟಿದ ಮಕ್ಕಳ ಹೆಸರಿನಲ್ಲಿ ಇಟ್ಟುಕೊಂಡರು. ಮನೆಯಲ್ಲಿ ರೊಟ್ಟಿಯೂ ಉಂಟು, ಮೆಕ್ಸಿಕೋದ ಮೆಕ್ಕೆಜೋಳದ ಅಡಿಗೆಯೂ ಉಂಟು. ಮಕ್ಕಳು ತಾಯಿಯ ಸ್ಪ್ಯಾನಿಷ್ ನುಡಿಯನ್ನಾಡಿ ತಂದೆಯ ಸಿಂಗ್ ಎಂಬ ಹೆಸರನ್ನು ಹೊತ್ತರು.

ಗಣಿತದಲ್ಲಿ ಡಾಕ್ಟರ್ ಪದವಿ ಪಡೆದರೂ ತಕ್ಕ ಉದ್ಯೋಗ ದೊರೆಯದೆ ಈ ಕಣಿವೆಗೆ ಬೇಸಾಯಕ್ಕೆಂದು ಬಂದ ದಲೀಪ್ ಸಿಂಗ್ ಸೌಂಧ್ ಎಂಬ ಪಂಜಾಬಿಯೊಬ್ಬರು, ೧೯೪೬ರ ಹೊಸ ಕಾನೂನಿನಂತೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ ಮೇಲೆ, ೧೯೪೯ರಲ್ಲಿ ಪೌರರಾದರು. ೧೯೫೬ರಲ್ಲಿ ಅದೇ ನಾಡಿನ ಜನರು ಅವರನ್ನು ಅಮೆರಿಕಾ ಶಾಸನಸಭೆಗೆ ಆರಿಸಿ ಕಳುಹಿಸಿದರು. ಏಷ್ಯಾ ಮೂಲದವರಲ್ಲಿ ಆ ಗೌರವ ಪಡೆದ ಮೊದಲಿಗರು ಅವರೇ.

ಭೂಮಿಯೂ ಸುಮ್ಮನಿರಲಿಲ್ಲ. ೧೯೪೦ನೆಯ ಮೇ ೧೮ರಂದು ಇಂಪೀರಿಯಲ್ ಕಣಿವೆ ನಡುಗಿ, ಎರಡು ದೇಶಗಳ ಗಡಿರೇಖೆಯು ಬಿರುಕಿನ ಎರಡು ಪಕ್ಕಗಳಲ್ಲಿ ಸುಮಾರು ಹದಿನಾಲ್ಕು ಅಡಿ ಆಚೀಚೆಯಾಯಿತು. ಆಗ ಎಲ್ ಸೆಂಟ್ರೊ ಪಟ್ಟಣದ ಯಂತ್ರವು ಬರೆದ ಕಂಪನದ ರೇಖೆಯು ಲೋಕದ ಎಂಜಿನಿಯರುಗಳಿಗೆಲ್ಲ ಪಾಠವಾಯಿತು. ಭೂಕಂಪಕ್ಕೆ ಅಳುಕದ ಕಟ್ಟಡವನ್ನು ಕಟ್ಟಲು ಕಲಿಯುವ ನಮ್ಮ ವಿದ್ಯಾರ್ಥಿಗಳೂ ಅದನ್ನು ಓದುತ್ತಾರೆ. ಪುರಾತನ ಸರೋವರ ತುಂಬಿದ ಕಾಲಗಳಿಗೂ ಸಾನ್ ಆಂಡ್ರಿಯಾಸ್ ಬಿರುಕು ಮಿಸುಕಿದ ಕಾಲಗಳಿಗೂ ನಂಟಿದೆಯೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಅಲ್ಲಿ ನೀರಿನ ಭಾರವನ್ನು ನೆಲವೂ ಅರಿಯುತ್ತದೆ.

ಎರಡನೆಯ ಮಹಾಯುದ್ಧದ ತರುವಾಯ ಕೆಲವು ವರ್ಷಗಳ ಕಾಲ ಈ ಕಡಲಿಗೆ ಸುಖದ ದಿನಗಳು ಬಂದುವು. ಸಾಗರದ ಮೀನುಗಳನ್ನು ತಂದು ಬಿಟ್ಟರು. ೧೯೫೮ರಲ್ಲಿ ಪಶ್ಚಿಮತೀರದಲ್ಲಿ ಸಾಲ್ಟನ್ ಸಿಟಿ ಎಂಬ ನಗರಕ್ಕೆ ಬೀದಿಗಳನ್ನು ಎಳೆದು ನಿವೇಶನಗಳನ್ನು ಮಾರಿದರು. ದೋಣಿಯಾಟ, ಈಜು, ಸಂಗೀತ, ವಿಲಾಸಗೃಹಗಳು. ೧೯೭೬ ಮತ್ತು ೧೯೭೭ರ ಬಿರುಗಾಳಿ ಮಳೆಗಳಿಗೆ ನೀರು ಏರಿ ತೀರದ ಮನೆಗಳನ್ನು ಹೊಕ್ಕಿತು. ಉಪ್ಪು ಹೆಚ್ಚಿದಂತೆ ಮೀನು ಸಾಯತೊಡಗಿತು. ೧೯೯೬ರಲ್ಲಿ ರೋಗ ಬಿದ್ದು ಸಾವಿರಾರು ಹೆಜ್ಜಾರ್ಲೆಗಳು ಸತ್ತುವು. ನಾನೂರಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಕಾಣಿಸಿಕೊಂಡಿರುವ ತೀರವದು. ಕ್ಯಾಲಿಫೋರ್ನಿಯಾದ ಬೇರೆ ಜೌಗುಗಳನ್ನೆಲ್ಲ ಮನುಷ್ಯನು ಬತ್ತಿಸಿಬಿಟ್ಟುದರಿಂದ ಈ ಬಚ್ಚಲುಕಡಲೇ ಅವುಗಳಿಗೆ ಆಶ್ರಯವಾಗಿತ್ತು. ವಿಲಾಸಿಗಳು ಹೊರಟುಹೋದರು. ಹೋಗಲು ಬೇರೆ ಸ್ಥಳವಿಲ್ಲದವರು ಉಳಿದರು.

೨೦೦೩ರಲ್ಲಿ ಒಂದು ದೊಡ್ಡ ಒಪ್ಪಂದವಾಯಿತು. ಕಣಿವೆಯ ಬೇಸಾಯದಲ್ಲಿ ಉಳಿಸಿದ ನೀರನ್ನು ಸಾನ್ ಡಿಯೇಗೊ ಮೊದಲಾದ ನಗರ ಪ್ರದೇಶಗಳಿಗೆ ಕೊಡುವುದೆಂದು ಗೊತ್ತಾಯಿತು. ನೀರನ್ನು ಮಿತವಾಗಿ ಬಳಸಬೇಕೆಂಬುದನ್ನು ಯಾರು ಅಲ್ಲಗಳೆದಾರು? ಆದರೆ ಹೊಲದಲ್ಲಿ ಉಳಿಸಿದ ನೀರೆಂದರೆ ಕಡಲಿಗೆ ಬಾರದ ನೀರು. ೨೦೧೭ರ ಕೊನೆಯವರೆಗೆ ಅದರ ಬದಲಿಗೆಂದು ಒಂದಿಷ್ಟು ನೀರನ್ನು ಬಿಟ್ಟರು. ಆ ಮೇಲೆ ಅದೂ ನಿಂತಿತು. ದಡ ಹಿಂದೆ ಸರಿದಂತೆ ತಳದ ಮಣ್ಣು ಬಯಲಾಗಿ, ಗಾಳಿಗೆ ನುಣ್ಣನೆಯ ಧೂಳಾಗಿ ಏಳುತ್ತದೆ. ಆ ಧೂಳಿನಲ್ಲಿ ದಶಕಗಳ ಬಸಿನೀರಿನ ಔಷಧಗಳೂ ಲವಣಗಳೂ ಇವೆ. ಇಂಪೀರಿಯಲ್ ಜಿಲ್ಲೆಯಲ್ಲಿ ಉಬ್ಬಸದಿಂದ ಆಸ್ಪತ್ರೆಗೆ ಬರುವ ಮಕ್ಕಳ ಪ್ರಮಾಣವು ಆ ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. ಉತ್ತರದ ಕೋಚೆಲ್ಲಾ ಕಣಿವೆಯಲ್ಲಿ ಮೆಕ್ಕಾ ಎಂಬ ಊರುಂಟು. ಅರಬರ ನಾಡುಗಳಿಂದ ತಂದ ಖರ್ಜೂರದ ತೋಟಗಳು ಅದರ ಸುತ್ತ ಬೆಳೆದಿವೆ. ಆ ತೋಟಗಳಲ್ಲಿ ಮರವೇರುವವರು ಮೆಕ್ಸಿಕೋದಿಂದ ಬಂದ ಕೂಲಿಗಾರರು. ಆ ಪ್ರದೇಶದಲ್ಲಿ ಮಿಚೊಅಕಾನಿನ ಪುರೆಪೆಚಾ ಎಂಬ ಮೂಲನಿವಾಸಿ ಜನರೂ ನೆಲಸಿದ್ದಾರೆ. ಧೂಳು ಮೊದಲು ಮುಟ್ಟುವುದು ಇವರ ಮನೆಗಳನ್ನೂ ಟಾರೆಸ್-ಮಾರ್ಟಿನೆಜ್ ಜನರ ಮನೆಗಳನ್ನೂ. ನೀರು ಬಂದಾಗ ನೆಲವನ್ನು ಕಳೆದುಕೊಂಡವರ ಮೊಮ್ಮಕ್ಕಳು ನೀರು ಹೋಗುವಾಗ ಉಸಿರಿಗೆ ಕಷ್ಟಪಡುತ್ತಿದ್ದಾರೆ.

ಈಗ ಮತ್ತೊಂದು ಸಿರಿಯ ಮಾತು ಕೇಳಿಬರುತ್ತಿದೆ. ತೆಳುವಾದ ಭೂಪದರದ ಕೆಳಗಿನ ಕಾವಿನಿಂದ, ಕಪ್ಪುಗಲ್ಲಿನ ಗುಡ್ಡಗಳ ಸುತ್ತ ಆಳದಲ್ಲಿ ಕುದಿಯುವ ಉಪ್ಪುನೀರಿದೆ. ೧೯೮೦ರ ದಶಕದಿಂದ ಅದರ ಹಬೆಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುತ್ತಿದ್ದಾರೆ. ವಿದ್ಯುತ್ ಕೋಶಗಳಿಗೆ ಬೇಕಾದ ಲಿಥಿಯಂ ಧಾತುವು ಆ ನೀರಿನಲ್ಲಿ ಅಪಾರವಾಗಿದೆಯೆಂದು ೨೦೨೩ರಲ್ಲಿ ಅಮೆರಿಕಾದ ಇಂಧನ ಇಲಾಖೆಯವರು ಪ್ರಕಟಿಸಿದರು. ಉಪ್ಪು, ಮಣ್ಣು, ಬೇಸಾಯ, ವಿಲಾಸ, ಈಗ ಲಿಥಿಯಂ: ಒಂದೊಂದು ತಲೆಮಾರಿಗೂ ಆ ತಗ್ಗು ಒಂದೊಂದು ಆಸೆಯನ್ನು ತೋರಿಸಿದೆ.

ಸಾಲ್ಟನ್ ಸಮುದ್ರವು ಮನುಷ್ಯನ ತಪ್ಪಿನಿಂದ ಹುಟ್ಟಿತೆಂಬ ಮಾತನ್ನು ಈಗ ಇನ್ನೊಮ್ಮೆ ನೋಡೋಣ. ತಗ್ಗಿಗೆ ನೀರು ಬಂದುದು ಹೊಸದಲ್ಲ. ನದಿಯು ಹಿಂದೆ ಹಲವು ಬಾರಿ ಮಾಡಿದುದನ್ನೇ ೧೯೦೫ರಲ್ಲಿ ಒಂದು ಕಾಲುವೆಯ ನೆಪದಿಂದ ಮಾಡಿತು. ಬರುವ ಹೋಗುವ ನೀರಿನ ನೆಲದಲ್ಲಿ ಅಲುಗದ ಗಡಿಕಲ್ಲುಗಳನ್ನು ನೆಟ್ಟು, ನೀರು ಇನ್ನು ತಮ್ಮ ಮಾತು ಕೇಳುವುದೆಂದು ನಂಬಿದುದು ಹೊಸದು. ಕಹುಯಿಲ್ಲಾ ಬೆಸ್ತರು ಕಲ್ಲುಗಳನ್ನು ಹೊತ್ತು ದಡದೊಡನೆ ಇಳಿದರೆಂದು ಹೇಳಿದೆನಷ್ಟೆ. ಇಂದು ಅಲ್ಲಿನ ಜನರು ಹಾಗೆ ಸರಿಯಲಾರರು. ಅವರ ನೆಲಕ್ಕೆ ದಾಖಲೆಯುಂಟು, ಮೇರೆಯುಂಟು, ಮೇರೆಯಾಚೆ ಬೇರೊಬ್ಬ ಒಡೆಯನುಂಟು. ಸರಿಯುವ ಸ್ವಾತಂತ್ರ್ಯವನ್ನು ಅವರಿಂದ ತೆಗೆದುಕೊಂಡವರು, ನೀರು ತಂದ ನಷ್ಟದಲ್ಲಿಯೂ ಧೂಳು ತರುವ ನಷ್ಟದಲ್ಲಿಯೂ ಪಾಲು ಹೊರಬೇಕಾದುದು ನ್ಯಾಯ. ಲಿಥಿಯಂ ಕೊಡುವ ಲಾಭದಲ್ಲಿ ಆ ನ್ಯಾಯ ನಡೆಯುವುದೋ ಇಲ್ಲವೋ, ಆ ತೀರದ ಮುಂದಿನ ಚರಿತ್ರೆಯು ಅದನ್ನೇ ಹೇಳಬೇಕಾಗಿದೆ. ಪಶ್ಚಿಮದ ಇಳಿಜಾರಿನಲ್ಲಿ ಮೀನುಗೂಡುಗಳ ಕಲ್ಲುಸಾಲುಗಳು ಮಾತ್ರ, ಒಂದರ ಕೆಳಗೊಂದು, ಹಾಗೆಯೇ ಇವೆ.